ಓಕ್ರಾನಳ ಗಾಣಕ್ಕೆ ಹದಿನೈದು ಹೊಗಳಿಕೆ

ನಾನು ಬಾಯಿಬಡುಕಿ ಅಂತ ಸಾಂಗ್ಜು ಊರಿನ ಸಂತೆಬೀದಿಯಲ್ಲಿ ಎಲ್ಲರಿಗೂ ಗೊತ್ತು. ಒಣಮೀನು ಮಾರುವವಳು ಬಾಯಿ ಮುಚ್ಚಿಕೊಂಡು ಕೂತರೆ ಮೀನೇ ಎದ್ದು ಗಿರಾಕಿಯ ಚೀಲಕ್ಕೆ ಹಾರುತ್ತದೆಯೇ? ಆದರೆ ಎದುರಂಗಡಿಯ ಓಕ್ರಾನಳ ವಿಷಯದಲ್ಲಿ ನನ್ನ ಬಾಯಿ ಎರಡು ಸಲ ಕೇಡು ಮಾಡಿತು. ಒಂದು ಸಲ ಮಾತಾಡಿ, ಇನ್ನೊಂದು ಸಲ ಸುಮ್ಮನಿದ್ದು. ಅದನ್ನು ನಾನೇ ಹೇಳಿಬಿಡುತ್ತೇನೆ, ಬೇರೆಯವರು ಉಪ್ಪುಖಾರ ಹಚ್ಚಿ ಹೇಳುವುದು ಬೇಡ.

ಓಕ್ರಾನಳದು ಎಳ್ಳೆಣ್ಣೆಯ ಗಾಣದಂಗಡಿ. ನನ್ನ ಅಂಗಡಿಯ ಎದುರಿಗೇ, ಎಂಟು ಹೆಜ್ಜೆ. ಗಂಡ ತೀರಿಕೊಂಡು ಒಂಬತ್ತು ವರ್ಷವಾಯಿತು. ಅಂದಿನಿಂದ ಹುರಿಯುವುದು, ಹಿಂಡುವುದು, ಸೋಸುವುದು ಎಲ್ಲ ಅವಳೊಬ್ಬಳೇ. ಸಂತೆಯ ದಿನ ಸುತ್ತಲಿನ ಹಳ್ಳಿಗಳ ಮುದುಕಿಯರು ತಮ್ಮ ಹೊಲದ ಎಳ್ಳನ್ನು ಚೀಲದಲ್ಲಿ ಕಟ್ಟಿಕೊಂಡು ಬೆಳಗಿನ ಮೊದಲ ಬಸ್ಸಿಗೇ ಬಂದಿಳಿಯುತ್ತಾರೆ. ಬಂದವರು ಗಾಣದ ಮುಂದಿನ ಗಿಡ್ಡ ಹಲಗೆಯ ಮೇಲೆ ಕೂತರೆ ಮುಗಿಯಿತು, ಕೊನೆಯ ತೊಟ್ಟು ಶೀಶೆಗೆ ಬೀಳುವ ತನಕ ಕಣ್ಣು ಕದಲಿಸುವುದಿಲ್ಲ. ಒಂದಕ್ಕೆ ಹೋಗಬೇಕಾದರೂ ಪಕ್ಕದವಳನ್ನು ಕಾವಲಿಗೆ ಕೂರಿಸಿಯೇ ಹೋಗುವುದು. ತಮ್ಮ ಎಳ್ಳಿಗೆ ಬೇರೆ ಎಳ್ಳು ಬೆರೆತೀತು ಎನ್ನುವ ಭಯ.

ನನಗಾಗಿದ್ದರೆ ಮೈಯೆಲ್ಲ ಉರಿದುಹೋಗುತ್ತಿತ್ತು. "ಮೂವತ್ತು ವರ್ಷದಿಂದ ಬರ್ತಾರೆ, ಇನ್ನೂ ನಿನ್ನ ಕಳ್ಳಿ ಥರಾ ನೋಡ್ತಾರಲ್ಲೇ" ಎಂದು ನಾನೇ ಎಷ್ಟೋ ಸಲ ಚುಚ್ಚಿದ್ದೇನೆ.

ಅವಳು ನಗುತ್ತಿದ್ದಳು. "ನೋಡ್ಲಿ ಬಿಡಕ್ಕ. ಸೊಂಟ ಬಗ್ಗಿಸಿ ಬೆಳೆದೋರು ಅವ್ರು."

ಎಳ್ಳು ತರದವರಿಗೆಂದು ಎರಡು ಥರದ ಶೀಶೆ ಇಟ್ಟಿದ್ದಳು. ಹಸಿರು ಮುಚ್ಚಳದ್ದು ನಮ್ಮ ಸೀಮೆಯ ಎಳ್ಳಿನದು, ಬೆಲೆ ಕೈ ಸುಡುತ್ತದೆ. ಕೆಂಪು ಮುಚ್ಚಳದ್ದು ಪರದೇಶದ್ದು, ಇಂಡಿಯಾದಿಂದ ಬಂದ ಎಳ್ಳಿನದು, ಅದರ ಅರ್ಧಕ್ಕೂ ಕಡಿಮೆ. ಶೀಶೆಯ ಚೀಟಿಯಲ್ಲಿ ಹಾಗೆಂದೇ ಬರೆದಿತ್ತು. ಓದಲು ಬಾರದ ಮುದುಕಿ ಕೆಂಪು ಶೀಶೆ ಎತ್ತಿಕೊಂಡರೆ ಓಕ್ರಾನ್ ಕೈ ತಡೆದು, "ಅಜ್ಜಿ, ಇದು ಇಂಡಿಯಾದ ಎಳ್ಳು. ಚೆನ್ನಾಗೇ ಇದೆ, ಆದ್ರೆ ನಮ್ಮದಲ್ಲ" ಎಂದು ಹೇಳಿಯೇ ಕೊಡುತ್ತಿದ್ದಳು.

ಆ ಮುದುಕಿಯರು ಒಬ್ಬೊಬ್ಬರಾಗಿ ಹಾಸಿಗೆ ಹಿಡಿದರು. ಮಕ್ಕಳು ಅವರನ್ನು ಆರೈಕೆಯ ಆಸ್ಪತ್ರೆಗಳಿಗೆ ಸೇರಿಸಿದರು, ಹೊಲಗಳು ಬೀಳುಬಿದ್ದವು. ಹಲಗೆ ತುಂಬಿ ನೆಲದ ಮೇಲೆ ಕೂರುತ್ತಿದ್ದ ಜಾಗದಲ್ಲಿ ಕಳೆದ ಬೇಸಿಗೆಗೆ ಮೂವರು, ನಾಲ್ವರು. ಜುಲೈ ತಿಂಗಳಲ್ಲಿ ಕಟ್ಟಡದ ಮಾಲೀಕರಾದ ಬಾಂಗ್ ಯಜಮಾನರು ಬಂದರು. ಜೊತೆಗೆ ಕಾಫಿ ಅಂಗಡಿಯ ಇಬ್ಬರು ಟೇಪು ಹಿಡಿದು ಗೋಡೆಯಿಂದ ಗೋಡೆಗೆ ಅಳೆದುಕೊಂಡು ಹೋದರು. ಯಜಮಾನರು ಕೆಟ್ಟವರಲ್ಲ. "ಚುಸೊಕ್ ಸುಗ್ಗಿಹಬ್ಬಕ್ಕೆ ಕರಾರು ಮುಗಿಯುತ್ತೆ. ಅಷ್ಟರೊಳಗೆ ವ್ಯಾಪಾರ ಕುದುರಿದ್ರೆ ನೀನೇ ಇರು. ಇಲ್ದಿದ್ರೆ ನನ್ನ ಬೈಬೇಡಮ್ಮ" ಎಂದರು.

ಅರವತ್ತೊಂದು ವರ್ಷದ ಹೆಂಗಸು, ಕರುವಿನಷ್ಟು ದೊಡ್ಡ ಕಬ್ಬಿಣದ ಯಂತ್ರ. ಎಲ್ಲಿಗೆ ಹೊತ್ತುಕೊಂಡು ಹೋಗುತ್ತಾಳೆ? ಗಾಣ ನಿಂತರೆ ಅವಳಿಗೆ ಬೇರೆ ಕೆಲಸ ಬರುವುದಿಲ್ಲ, ಬೇರೆ ಆಸೆಯೂ ಇರಲಿಲ್ಲ. ಅವಳ ನಿದ್ದೆ ಹಾರಿಹೋಯಿತು. ಹುರಿಯುವ ಎಳ್ಳು ಸೀದುಹೋಗುವುದನ್ನು ಆ ಅಂಗಡಿಯಲ್ಲಿ ಯಾರೂ ಕಂಡಿರಲಿಲ್ಲ, ಆ ತಿಂಗಳು ಎರಡು ಸಲ ಸೀದಿತು.

ಆಗಲೇ ವ್ಯಾಪಾರಿಗಳ ಸಂಘದವರು ಪಾಠ ಏರ್ಪಡಿಸಿದ್ದು: ಸಣ್ಣ ಅಂಗಡಿಗಳು ಆನ್‌ಲೈನಿನಲ್ಲಿ ಗಿರಾಕಿ ಹುಡುಕುವುದು ಹೇಗೆ. ಪಾಠದ ಹುಡುಗಿ ಚುರುಕು. ಮ್ಯಾಪಿನಲ್ಲಿ ಅಂಗಡಿಯ ಹೆಸರು ಮೇಲೆ ಬರುವಂತೆ ಮಾಡುವುದು, ಬ್ಲಾಗ್ ಬರೆಯುವವರಿಗೆ ಸರಕು ಬಿಟ್ಟಿ ಕೊಟ್ಟು ಅನುಭವ ಬರೆಸುವುದು, ಫೋನಿನ ಮುಂದೆ ನಿಂತು ಲೈವ್‌ನಲ್ಲಿ ಮಾರುವುದು, ಗೊತ್ತಿರುವ ಗಿರಾಕಿಗಳ ನಂಬರ್ ಸೇರಿಸಿ ಮೆಸೇಜ್ ಕಳಿಸುವುದು, ಎಲ್ಲ ಹೇಳಿಕೊಟ್ಟಳು. ಓಕ್ರಾನ್ ನೋಟುಪುಸ್ತಕ ತುಂಬ ಬರೆದುಕೊಂಡಳು. ನಾನು ಹಿಂದಿನ ಬೆಂಚಿನಲ್ಲಿ ತೂಕಡಿಸಿದೆ.

ಮೊದಲು ಲೈವ್ ಮಾಡಿ ನೋಡಿದೆವು. ಓಕ್ರಾನ್ ತುಟಿಗೆ ಬಣ್ಣ ಹಚ್ಚಿಕೊಂಡು ಹನ್ನೊಂದು ನಿಮಿಷ ನಿಂತಳು. ನೋಡಿದವರು ಮೂರೇ ಮಂದಿ. ಒಬ್ಬಳು ಪಾಠದ ಹುಡುಗಿ, ಒಬ್ಬಳು ನಾನು, ಎಂಟು ಹೆಜ್ಜೆ ದೂರದಿಂದ. ಮೂರನೆಯವರು ಯಾರೋ ತಪ್ಪಿ ಬಂದವರು, ಬಂದ ಹಾಗೇ ಹೋದರು.

"ನಂಗೆ ಈ ನಂಬರ್ ಸೇರ್ಸೋದೇ ಸರಿ ಅನ್ಸುತ್ತೆ ಅಕ್ಕ" ಎಂದಳು ಓಕ್ರಾನ್. "ಗೊತ್ತಿರೋರಿಗೆ ಹೇಳೋದು. ಅವ್ರು ಇನ್ನೊಬ್ರಿಗೆ ಹೇಳ್ತಾರೆ."

"ಅಷ್ಟರಲ್ಲಿ ಇಲ್ಲಿ ಕಾಫಿ ಕುದೀತಿರುತ್ತೆ" ಎಂದೆ. "ನಿನ್ನ ಗಿರಾಕಿಗಳಲ್ಲಿ ಅರ್ಧ ಜನಕ್ಕೆ ಫೋನ್ ಹಿಡಿಯೋದಕ್ಕೇ ಬರಲ್ಲ. ಯಾರಿಗೇ ಕಳಿಸ್ತೀಯ ಮೆಸೇಜು?"

ಆ ವಾರವೇ ಯೊಮ್ ಎನ್ನುವವನ ಫೋನ್ ಬಂತು. ರಾಜಧಾನಿ ಸೋಲ್ ನಗರದ ಯಾವುದೋ ಜಾಹೀರಾತು ಕಂಪನಿ. ಜೇನಿನಲ್ಲಿ ಅದ್ದಿ ತೆಗೆದ ದನಿ. ಹದಿನೈದು ಬ್ಲಾಗಿನವರು ಬರೆಯುತ್ತಾರೆ, ಮಾರುವ ಪುಟವನ್ನೂ ನಾವೇ ಮಾಡಿಕೊಡುತ್ತೇವೆ, ಹಬ್ಬಕ್ಕೆ ಮೊದಲೇ ಆರ್ಡರ್ ಬರುತ್ತವೆ. ಓಕ್ರಾನ್ ಫೋನನ್ನು ಎದೆಗೊತ್ತಿಕೊಂಡು ನನ್ನ ಮುಖ ನೋಡಿದಳು.

"ಅವರ್ಯಾರೂ ಇಲ್ಲಿಗೆ ಬರಲ್ವಂತೆ ಅಕ್ಕ. ಫೋಟೋ ಕಳ್ಸಿದ್ರೆ ಸಾಕಂತೆ, ಬಂದು ನೋಡಿದ ಹಾಗೇ ಬರೀತಾರಂತೆ."

"ಬರೀಲಿ ಬಿಡೇ. ಎಣ್ಣೆ ಬಂದಾಗ ಕಣ್ಣು ಮುಚ್ಕೊಂಡ್ರಂತೆ, ಹಾಗಾಯ್ತು ನಿನ್ನ ಕತೆ. ಹೂಂ ಅನ್ನು."

ಅವಳು ಹೂಂ ಅಂದಳು. ನನ್ನ ಬಾಯಿ ಮಾಡಿದ ಮೊದಲ ಕೇಡು ಇದು.

ಹಬ್ಬಕ್ಕೆ ಎರಡು ವಾರ ಇರುವಾಗ ಹದಿನೈದು ಬರಹಗಳೂ ಒಟ್ಟಿಗೇ ಬಂದವು. ಓಕ್ರಾನ್ ಓದಲಿಲ್ಲ. ಅವಳಿಗೆ ನಾಚಿಕೆ. ನಮ್ಮ ಕಾಲದ ಹೆಂಗಸರು ಹಾಗೇ. ಯಾರಾದರೂ ಎದುರಿಗೆ ಹೊಗಳಿದರೆ ಕೈ ಅಡ್ಡ ಬೀಸಿ ಓಡಿಹೋಗುತ್ತೇವೆ, ಇನ್ನು ಕೂತು ನಮ್ಮದೇ ಹೊಗಳಿಕೆ ಓದುವುದೆಂದರೆ ಪರರ ಮುಂದೆ ಕನ್ನಡಿ ನೋಡಿಕೊಂಡಷ್ಟು ಸಂಕೋಚ. "ನೀನೇ ಓದಿ ಹೇಳು ಅಕ್ಕ, ಬೈಗುಳ ಏನಾದ್ರೂ ಇದ್ಯಾ ಅಂತ" ಎಂದಳು. ನಾನು ಓದಿದೆ. ಬೈಗುಳ ಇರಲಿಲ್ಲ. ಕೆಂಪು ಮುಚ್ಚಳದ ಶೀಶೆಯ ಚಿತ್ರ ಹಾಕಿ, ಅದರ ಕೆಳಗೆ ಬರೆದಿದ್ದರು: ನಮ್ಮ ಮಣ್ಣಿನ ಎಳ್ಳು, ಹಳ್ಳಿಯ ಅಜ್ಜಿಯರು ಕೈಯಾರೆ ಬೆಳೆದದ್ದು. ಹದಿನೈದರಲ್ಲೂ ಅದೇ ಸಾಲು, ಒಂದಕ್ಷರ ಹಿಂದುಮುಂದಿಲ್ಲ.

ನಾನು ಕಂಡೆ. ಜಾಹೀರಾತಿನ ಮಾತು, ಯಾರು ನಂಬುತ್ತಾರೆ ಅಂದುಕೊಂಡೆ. "ಎಲ್ಲ ಚೆನ್ನಾಗೇ ಬರೆದಿದ್ದಾರೆ ಕಣೇ" ಎಂದು ಹೇಳಿ ನನ್ನ ಮೀನಿನ ಕಡೆ ತಿರುಗಿದೆ.

ಆರ್ಡರುಗಳು ಬಂದವು ನೋಡಿ. ಆರು ದಿನಕ್ಕೆ ನೂರ ಹದಿನೆಂಟು ಮನೆ, ಎಲ್ಲರಿಗೂ ಕೆಂಪು ಮುಚ್ಚಳವೇ ಬೇಕು. ಇಷ್ಟು ಕಡಿಮೆ ಬೆಲೆಗೆ ಊರ ಎಳ್ಳಿನ ಎಣ್ಣೆ ಸಿಕ್ಕರೆ ಯಾರು ಬಿಡುತ್ತಾರೆ? ಹೀಗೇಕೆ ಎಂದು ಓಕ್ರಾನಳಿಗೆ ಹೊಳೆಯಲಿಲ್ಲ. ಇಂಡಿಯಾದ ಎಳ್ಳಿಗೆ ಕೊನೆಗೂ ಬೆಲೆ ಬಂತು ಎಂದು ಹಿಗ್ಗಿದಳು. ಬೆಳಗಿನಿಂದ ಸಂಜೆಯವರೆಗೆ ಗಾಣ ಗುಡುಗುಡು ಎನ್ನುತ್ತಿತ್ತು, ಬೀದಿಯೆಲ್ಲ ಹುರಿದ ಎಳ್ಳಿನ ವಾಸನೆ. ಅವಳ ಮುಖದಲ್ಲಿ ಬಣ್ಣ ಮರಳಿತು. ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಹಬ್ಬದ ಮುಂಚೆ ಕೊರಿಯರ್‌ನವರು ಪಾರ್ಸೆಲ್ ತೆಗೆದುಕೊಳ್ಳುವ ಕೊನೆಯ ದಿನ ಬಂತು. ಸಂಜೆ ಐದಕ್ಕೆ ಲಾರಿ. ಆಮೇಲೆ ಕೊಟ್ಟದ್ದು ಹಬ್ಬಕ್ಕೆ ಮುಟ್ಟುವುದಿಲ್ಲ. ಪೆಟ್ಟಿಗೆಗಳು ಬಾಗಿಲಿನೆತ್ತರಕ್ಕೆ ಪೇರಿಸಿದ್ದವು. ಬೆಳಿಗ್ಗೆ ಹತ್ತರ ಹೊತ್ತಿಗೆ ಮೋದೊಂಗ್ ಹಳ್ಳಿಯ ಅಜ್ಜಿ ಬಂದರು, ಎಂಬತ್ತನಾಲ್ಕು ವರ್ಷ, ಬೆನ್ನಿಗೆ ಎಳ್ಳಿನ ಚೀಲ. ಎಂದಿನಂತೆ ಹಲಗೆಯ ಮೇಲೆ ಕೂರಲಿಲ್ಲ. ನಿಂತೇ ಇದ್ದರು.

"ಓಕ್ರಾನ್, ಮೊಮ್ಮಗಳು ಫೋನಲ್ಲಿ ಓದಿ ಹೇಳಿದ್ಲು. ಕೆಂಪು ಶೀಶೆ ನಮ್ಮೂರೋರು ಬೆಳೆದ ಎಳ್ಳಂತೆ. ಯಾವ ಊರೋರಮ್ಮ? ನಾನಂತೂ ಬೆಳೆದಿಲ್ಲ."

ಓಕ್ರಾನ್ ನಕ್ಕಳು. "ಇಲ್ಲ ಅಜ್ಜಿ, ಅವಳೆಲ್ಲೋ ತಪ್ಪು ಓದಿದಾಳೆ."

ಅಜ್ಜಿ ಸೊಂಟದ ಚೀಲದಿಂದ ಫೋನ್ ತೆಗೆದು ಅವಳ ಕೈಗಿಟ್ಟರು. ಓಕ್ರಾನ್ ಕನ್ನಡಕ ಹಾಕಿಕೊಂಡು ಓದಿದಳು. ಇನ್ನೊಂದು ತೆರೆದಳು, ಮತ್ತೊಂದು ತೆರೆದಳು. ಅವಳ ಕತ್ತು, ಕಿವಿ ಕೆಂಪಾದವು, ಆಮೇಲೆ ಮುಖ ಸುಣ್ಣದ ಹಾಗಾಯಿತು. ಹುರಿಯುವ ಬಾಣಲೆಯ ಉರಿ ಆರಿಸಿದಳು.

"ನಾವು ಇಲ್ಲಿ ಕೂತು ನೋಡ್ತಿದ್ದದ್ದು ನಿನ್ನ ಮೇಲೆ ಅನುಮಾನಕ್ಕಲ್ಲ" ಎಂದರು ಅಜ್ಜಿ. "ನೋಡಿದೀವಿ ಅಂತ ಹತ್ತು ಮನೇಲಿ ಹೇಳ್ಬೋದಿತ್ತು. ಈಗ ಏನು ಹೇಳ್ಲಿ?" ಅಷ್ಟೇ ಹೇಳಿ ಚೀಲ ಹೊತ್ತುಕೊಂಡು ಹೊರಟುಹೋದರು.

ಓಕ್ರಾನ್ ನನ್ನ ಅಂಗಡಿಗೆ ಬಂದು ನಿಂತಳು.

"ಅಕ್ಕ, ನೀನು ಓದಿದ್ಯಲ್ಲ."

"ಓದಿದ್ದೆ."

"ಈ ಸಾಲು ಇತ್ತಾ?"

"ಇತ್ತು ಕಣೇ."

ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ತಿರುಗಿಸಿ ಹಗುರಾಗುತ್ತಿದ್ದೆ. ನೇರವಾಗಿ ಯೊಮ್‌ಗೆ ಫೋನ್ ಹಚ್ಚಿದಳು.

"ಮೇಡಂ, ಅದು ಎಲ್ಲರೂ ಬರೆಯೋದೇ" ಎಂದ ಅವನು. "ಮಾರೋ ಪುಟದ ಕೆಳಗಡೆ ಇಂಡಿಯಾ ಅಂತ ಸರಿಯಾಗೇ ಹಾಕಿದೀವಿ. ಶೀಶೆ ಮೇಲೂ ಇದೆ. ಕಾನೂನಿಗೆ ತೊಂದ್ರೆ ಇಲ್ಲ."

"ಬ್ಲಾಗಲ್ಲಿರೋದನ್ನ ತೆಗ್ಸಿ."

"ಅವ್ರಿಗೆಲ್ಲ ಹೇಳಿ ತೆಗ್ಸೋಕೆ ಒಂದು ವಾರ ಬೇಕು. ಹಬ್ಬ ಮುಗೀಲಿ, ನಿಧಾನಕ್ಕೆ ತೆಗ್ಸೋಣ. ಈಗ ಆರ್ಡರ್ ಬರ್ತಿರೋವಾಗ ಯಾಕೆ ಮೇಡಂ?"

ಫೋನಿಟ್ಟಳು. ಆಗ ನಾನು ಹೇಳಿದ್ದನ್ನೂ ಮುಚ್ಚಿಡುವುದಿಲ್ಲ. "ಕಳಿಸಿಬಿಡೇ. ಚೀಟೀಲಿ ಬರೆದಿದೆಯಲ್ಲ. ಓದ್ದೇ ಇದ್ರೆ ಅವರ ಹಣೆಬರಹ. ಒಂದು ವಾರದಲ್ಲಿ ಬಾಂಗ್ ಯಜಮಾನ್ರು ಬರ್ತಾರೆ, ಅವ್ರಿಗೆ ಏನು ತೋರಿಸ್ತೀಯ? ಖಾಲಿ ಹಲಗೇನಾ?"

ಅವಳು ಆರ್ಡರುಗಳ ಪಟ್ಟಿ ತಂದು ನನ್ನ ಮೀನಿನ ತಕ್ಕಡಿಯ ಪಕ್ಕದಲ್ಲಿ ಹರಡಿದಳು. "ಹನ್ನೊಂದಾಗ್ತಾ ಬಂತು. ನಾನು ಮಾತಾಡ್ತೀನಿ. ಬೇಕು ಅಂದೋರಿಗೆ ಸೊನ್ನೆ ಹಾಕು, ಬೇಡ ಅಂದೋರನ್ನ ಹೊಡೆದುಹಾಕು."

"ನೂರ ಹದಿನೆಂಟು ಜನಕ್ಕೂನಾ?"

"ಇವತ್ತೇ."

ಮೊದಲ ನಂಬರಿಗೆ ಫೋನ್ ಹಚ್ಚುವಾಗ ಅವಳ ಬೆರಳು ಎರಡು ಸಲ ತಪ್ಪು ಅಂಕಿ ಒತ್ತಿತು. ಮಾತು ಒಂದೇ: "ನಾನು ಸಾಂಗ್ಜು ಗಾಣದಂಗಡಿಯವಳು. ನೀವು ಓದಿದ್ದು ಸುಳ್ಳು. ಅದು ಇಂಡಿಯಾದ ಎಳ್ಳು. ಎಣ್ಣೆ ಚೆನ್ನಾಗಿದೆ. ಬೇಕಾದ್ರೆ ಕಳಿಸ್ತೀನಿ, ಬೇಡ ಅಂದ್ರೆ ದುಡ್ಡು ವಾಪಸ್ ಹಾಕ್ತೀನಿ."

ಕೆಲವರು ಪೂರ್ತಿ ಕೇಳದೆಯೇ ಇಟ್ಟರು. ಒಬ್ಬ ಗಂಡಸು, "ಸಿಕ್ಕಿಬಿದ್ದಮೇಲೆ ಸತ್ಯವಂತೆ" ಎಂದು ಕೂಗಾಡಿದ. ಇನ್ನೊಬ್ಬಳು, "ಇಂಡಿಯಾದ್ದಾದ್ರೆ ಏನೀಗ, ಕಳಿಸಿ" ಎಂದಳು. ನನಗೆ ಅವಳ ಕಾಲಿಗೆ ಬೀಳಬೇಕೆನಿಸಿತು. ಮಧ್ಯಾಹ್ನ ಎರಡರ ಹೊತ್ತಿಗೆ ಅರವತ್ತು ಹೆಸರು ಮುಗಿದವು, ಅದರಲ್ಲಿ ಸೊನ್ನೆ ಬಿದ್ದದ್ದು ಹದಿನೆಂಟಕ್ಕೆ. ಪುಟದ ತುಂಬ ಗೀಟುಗಳು. ನಾನು ತಂದಿಟ್ಟ ಅನ್ನದ ಸುರುಳಿ ಅಲ್ಲೇ ಒಣಗಿತು.

ಪುಸಾನ್ ನಗರದ ಒಬ್ಬಳು ಮೆಲ್ಲಗೆ ಮಾತಾಡಿದಳು. ಅದೇ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. "ನೀವು ಯಾಕೆ ಹೇಳಿದ್ರಿ? ಹೇಳ್ದೇ ಇದ್ದಿದ್ರೆ ನಂಗೆ ಗೊತ್ತಾಗ್ತಿರಲಿಲ್ಲ. ಹಿರಿಯರ ಎಡೆಗೆ ಅಂತ ತರಿಸಿದ್ದೆ, ಅತ್ತೆಗೂ ಹೇಳ್ಬಿಟ್ಟಿದೀನಿ. ಈಗ ಗೊತ್ತಿದ್ದೂ ಇಡೋಕಾಗುತ್ತಾ? ಬೇರೆ ಹುಡುಕೋಕೆ ಟೈಮೂ ಇಲ್ಲ."

"ತಪ್ಪಾಯ್ತು" ಎಂದಳು ಓಕ್ರಾನ್, ಎದುರಿಗಿದ್ದವರಿಗೆ ಬಾಗುವ ಹಾಗೆ ಫೋನಿಗೇ ಬಾಗಿ. ಅವಳು ಅತ್ತದ್ದು ಆಗ ಮಾತ್ರ. ಕಣ್ಣೊರೆಸಿಕೊಂಡು ಮುಂದಿನ ನಂಬರ್ ಕೇಳಿದಳು.

ಐದಕ್ಕೆ ಲಾರಿ ಬಂದು ಹಾರ್ನ್ ಮಾಡಿತು. ಸೊನ್ನೆ ಬಿದ್ದ ನಲವತ್ತೊಂದು ಮನೆಗಳ ಪೆಟ್ಟಿಗೆ ಏರಿಸಿದೆವು. ಡ್ರೈವರ್ ಉಳಿದ ರಾಶಿ ನೋಡಿ, "ಇವು ಬೇಡ್ವಾ ಅಕ್ಕಾ? ಇನ್ನು ನಾನು ಬರೋದು ಹಬ್ಬ ಆದ್ಮೇಲೆ" ಎಂದ. ಓಕ್ರಾನ್ ತಲೆಯಾಡಿಸಿದಳು. ಲಾರಿ ಹೋಯಿತು. ಪಟ್ಟಿಯಲ್ಲಿ ಒಂದು ಹೆಸರು ಉಳಿದಿತ್ತು. ಇಪ್ಪತ್ತು ಶೀಶೆ, ಎಲ್ಲರಿಗಿಂತ ದೊಡ್ಡ ಆರ್ಡರ್. ಅದನ್ನು ಲಾರಿಗೆ ಹಾಕಬೇಕಿರಲಿಲ್ಲ, ಊರಲ್ಲೇ ಕೊಡಬೇಕಾದದ್ದು: ಬಾಂಗ್ ಯಜಮಾನರ ಹೆಂಡತಿಯದು.

"ಇವರನ್ನ ಬಿಟ್ಟುಬಿಡು" ಎಂದೆ. ಆ ಹೊತ್ತಿಗೆ ನನ್ನ ದನಿಯೂ ಕುಗ್ಗಿತ್ತು. "ಇದೊಂದು ಬಿಡೇ, ನಿನ್ನ ದಮ್ಮಯ್ಯ."

ಅವಳು ನಂಬರ್ ಒತ್ತಿದಳು. ಬೆಳಗಿನಿಂದ ಮಾಡುತ್ತಿದ್ದ ಹಾಗೇ ಫೋನನ್ನು ತಕ್ಕಡಿಯ ಮೇಲಿಟ್ಟು ಸ್ಪೀಕರ್ ಹಾಕಿದಳು. ಅದೇ ಮಾತು, ಅದೇ ದನಿಯಲ್ಲಿ.

"ಎಲ್ಲರಿಗೂ ಹೀಗೇ ಹೇಳಿದ್ಯಾ?" ಎಂದರು ಅಮ್ಮಾವ್ರು.

"ಹೇಳಿದೆ ಅಮ್ಮಾವ್ರೇ. ನೀವೇ ಕೊನೆ."

"ನಾನ್ಯಾಕೆ ಕೊನೆ?"

"ಹೆದರಿಕೆ ಆಯ್ತು."

ಅವರು ನಿಟ್ಟುಸಿರು ಬಿಟ್ಟದ್ದು ನಮಗೆ ಕೇಳಿಸಿತು. "ಅಯ್ಯೋ ಓಕ್ರಾನ್. ಆ ಬರಹ ತೋರಿಸೇ ನಾನು ಇವರನ್ನ ಒಪ್ಪಿಸಿದ್ದಮ್ಮ. ನೋಡಿ, ಊರೂರಿಂದ ಕೇಳ್ತಿದಾರೆ, ಈ ಗಾಣ ಎಬ್ಬಿಸ್ಬೇಡಿ ಅಂತ. ಕಾಫಿಯೋರಿಗೆ ಬೇಡ ಅಂತ ನಿನ್ನೆ ಹೇಳಿಯೂ ಆಯ್ತು. ನಾಳೆ ನಿನ್ನ ಕರಾರಿಗೆ ರುಜು ಹಾಕೋಕೆ ಬರೋರಿದ್ರು."

ಎರಡು ತಿಂಗಳಿಂದ ಅವಳು ಬೇಡಿಕೊಂಡದ್ದು ನಿನ್ನೆಯೇ ಕೈಗೆ ಬಂದಿತ್ತು, ನಮಗೆ ಗೊತ್ತಿರಲಿಲ್ಲ. ನಾನು ಕೈಸನ್ನೆ ಮಾಡಿದೆ: ಇಡು, ಫೋನಿಡು, ಸುಮ್ಮನಿದ್ದುಬಿಡು. ಅಮ್ಮಾವ್ರೂ ಅದನ್ನೇ ಅನ್ನುತ್ತಿದ್ದರು: "ನಾನಂತೂ ಇವರಿಗೆ ಹೇಳಲ್ಲ. ನೀನೂ ಸುಮ್ನಿರು. ನಾಳೆ ಒಂದು ದಿನ ಕಳೆದುಹೋಗ್ಲಿ."

ಓಕ್ರಾನ್ ತಕ್ಕಡಿಯ ಅಂಚು ಹಿಡಿದುಕೊಂಡು ನಿಂತಿದ್ದಳು.

"ಯಜಮಾನ್ರು ಮನೇಲಿದಾರಾ?" ಎಂದು ಕೇಳಿದಳು. "ಫೋನ್ ಅವ್ರ ಕೈಗೆ ಕೊಡಿ."

ಯಜಮಾನರೂ ಎಲ್ಲವನ್ನೂ ಕೇಳಿಸಿಕೊಂಡರು. ಉಳಿದ ಆರ್ಡರ್ ಎಷ್ಟು ಎಂದರು. ನಲವತ್ತೊಂದು ಎಂದಳು. ಹಸಿರು ಮುಚ್ಚಳದ್ದು ಎಷ್ಟು ಹೋಗಿದೆ ಎಂದರು. ಒಂದೂ ಇಲ್ಲ ಎಂದಳು. ಕೆಮ್ಮಿ ಗಂಟಲು ಸರಿಮಾಡಿಕೊಂಡು, "ಕರಾರು ನಾಳೆ ಬೇಡಮ್ಮ. ಚಳಿಗಾಲಕ್ಕೆ ಕಿಮ್ಚಿ ಉಪ್ಪಿನಕಾಯಿ ಹಾಕೋ ತಿಂಗಳು ಬರ್ಲಿ. ಆಗ ನಿನ್ನ ಗಾಣ ಹೇಗೆ ತಿರುಗ್ತಿದೆ ನೋಡಿ ಹೇಳ್ತೀನಿ. ಮಾತು ಕೊಡ್ತಿಲ್ಲ ನಾನು" ಎಂದರು. ಅವಳು ಸರಿ ಎಂದಳು.

ಬೀದಿಯಲ್ಲಿ ಒಬ್ಬೊಬ್ಬರೇ ಅಂಗಡಿ ಮುಚ್ಚುತ್ತಿದ್ದರು. ಅವಳು ಹೋಗಿ ಗಾಣದ ಮುಂದಿನ ಹಲಗೆಯ ಮೇಲೆ ಕೂತಳು, ನಾನು ನೀರು ತಂದುಕೊಟ್ಟೆ. ಕುಡಿದಳು. ನನ್ನ ನಾಲಿಗೆ ಸುಮ್ಮನಿರಲಿಲ್ಲ. "ಎರಡು ತಿಂಗಳು ಇದೆಯಲ್ಲೇ, ಯೋಚಿಸೋಣ. ಮೊದಲು ಆ ನಲವತ್ತೊಂದು ಜನದ ನಂಬರ್ ತಗೊಂಡು..." ಎಂದು ಶುರುಮಾಡಿದೆ.

"ಅಕ್ಕ" ಎಂದಳು ಓಕ್ರಾನ್. ಸಿಟ್ಟಿರಲಿಲ್ಲ, ಬರೀ ದಣಿವು. "ನಂಬರ್ ನಾನು ಸೇರ್ಸ್ಕೋತೀನಿ. ಇನ್ನು ಮೇಲೆ ನನ್ನ ಅಂಗಡಿ ವಿಷಯಕ್ಕೆ ನೀನು ಬರಬೇಡ."

ಮೂವತ್ತು ವರ್ಷದಲ್ಲಿ ಅವಳು ನನಗೆ ಅಂಥ ಮಾತು ಆಡಿರಲಿಲ್ಲ. ಆಗಲಿ ಎಂದೆ. ನನ್ನ ಅಂಗಡಿಯ ಕಡೆ ನಡೆದೆ, ಆ ಎಂಟು ಹೆಜ್ಜೆ ಬಹಳ ದೂರ ಅನಿಸಿತು.